ಸುಸ್ತು ಎಲ್ಲಿಂದ ಬರುತ್ತಿದೆ? ಥೈರಾಯ್ಡ್, ಅಡ್ರಿನಲ್ ಎರಡನ್ನೂ ಹೀಗೆ ವಿಚಾರಿಸಿಕೊಳ್ಳಿ

ನಮ್ಮಮ್ಮನಿಗೆ ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಸತತ ಮೂರು ಸಲ ಜಾಸ್ತಿ ಬಂತು. ಡಾಕ್ಟರು ಥೈರಾಯ್ಡ್ ಮಾತ್ರೆಯನ್ನು 50 ಮೈಕ್ರೊಗ್ರಾಂನಿಂದ 75ಕ್ಕೆ, ಅಲ್ಲಿಂದ 100ಕ್ಕೆ ಏರಿಸಿದರು. ಸುಸ್ತು ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ನಾನು ಅಪರೂಪಕ್ಕೆ ಬೇಗ ಎದ್ದು ಅಡುಗೆಮನೆಗೆ ಹೋದರೆ, ಅಮ್ಮ ಮಾತ್ರೆಯನ್ನು ನಾಲಿಗೆ ಮೇಲಿಟ್ಟುಕೊಂಡು ಬಿಸಿ ಬಿಸಿ ಫಿಲ್ಟರ್ ಕಾಫಿ ಗುಟುಕರಿಸುತ್ತಿದ್ದರು. ‘ಖಾಲಿ ಹೊಟ್ಟೇಲೇ ತಾನೇ ತಗೊಳ್ತಿರೋದು?’ ಎಂದರು. ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದೆವು, ಅಷ್ಟೇ. ಮುಂದಿನ ಟೆಸ್ಟಿನಲ್ಲಿ ಡೋಸ್ ಮತ್ತೆ 75ಕ್ಕೆ ಇಳಿಯಿತು.

ಸುಸ್ತಿನ ವಿಷಯದಲ್ಲಿ ಇಂಥ ಸಣ್ಣ ಸಂಗತಿಗಳೇ ದೊಡ್ಡವು. ಇನ್ನೊಂದು ಕಡೆ, ಇಂಟರ್ನೆಟ್ ನೋಡಿ ‘ನನಗೆ ಅಡ್ರಿನಲ್ (ಕಿಡ್ನಿಯ ಮೇಲಿರುವ ಗ್ರಂಥಿ) ದಣಿದುಬಿಟ್ಟಿದೆ’ ಎಂದು ಪುಡಿ, ಕ್ಯಾಪ್ಸೂಲ್ ತರಿಸಿಕೊಳ್ಳುವವರೂ ಹೆಚ್ಚಾಗಿದ್ದಾರೆ. ಹಾಗಾಗಿ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು, ಯಾವುದಕ್ಕೆ ತಡಮಾಡದೆ ಓಡಬೇಕು ಎಂದು ಒಂದೊಂದಾಗಿ ನೋಡೋಣ.

ಮೊದಲು ಒಂದು ವಾರ ಬರೆದಿಡಿ

‘ಸುಸ್ತು’ ಎಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ನಿದ್ದೆ ಬರುವ ಸುಸ್ತೋ, ಕೈಕಾಲಿನಲ್ಲಿ ಬಲ ಇಲ್ಲದ ಸುಸ್ತೋ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುವ ಸುಸ್ತೋ, ಯಾವ ಹೊತ್ತಿಗೆ ಜಾಸ್ತಿ ಎಂದು ಏಳು ದಿನ ಬರೆಯಿರಿ. ಜತೆಗೆ ತೂಕ. ಇದು ಬಹಳ ಮುಖ್ಯ, ಯಾಕೆಂದರೆ ತೂಕ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದರ ಮೇಲೆ ದಾರಿಯೇ ಬೇರೆಯಾಗುತ್ತದೆ.

ಥೈರಾಯ್ಡ್ ಮಂದವಾದರೆ ಎಲ್ಲವೂ ನಿಧಾನ. ಮನೆಯವರೆಲ್ಲ ಫ್ಯಾನ್ ಹಾಕಿ ಅನ್ನುವಾಗ ನಿಮಗೊಬ್ಬರಿಗೇ ಚಳಿ. ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಮಲಬದ್ಧತೆ, ಮುಟ್ಟಿನಲ್ಲಿ ಸ್ರಾವ ಜಾಸ್ತಿ, ತೂಕ ಒಂದೆರಡು ಕೆಜಿ ಏರುತ್ತದೆ. (ಇಪ್ಪತ್ತು ಕೆಜಿ ಏರಿದ್ದಕ್ಕೆಲ್ಲ ಥೈರಾಯ್ಡನ್ನು ದೂರಬೇಡಿ, ಪಾಪ.) ಅದೇ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಸುಸ್ತಾಗುತ್ತದೆ ಎನ್ನುವುದು ಹಲವರಿಗೆ ಗೊತ್ತಿಲ್ಲ. ಆಗ ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ, ಎದೆ ಡವಡವ, ಕೈ ನಡುಕ, ನೆಲದಿಂದ ಏಳಬೇಕಾದರೆ ಕೈ ಊರಬೇಕಾಗುತ್ತದೆ.

ಅಡ್ರಿನಲ್ ಕೈಕೊಟ್ಟರೆ ಚಿತ್ರ ಬೇರೆ. ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ವಾಂತಿ, ಹೊಟ್ಟೆನೋವು, ಬಿಪಿ ಕಡಿಮೆ, ಉಪ್ಪು ಉಪ್ಪಾದದ್ದೇ ಬೇಕೆನಿಸುತ್ತದೆ. ಗ್ರಂಥಿಯೇ ಹಾಳಾಗಿದ್ದರೆ ಅಂಗೈ ಗೆರೆ, ವಸಡು, ಹಳೇ ಗಾಯದ ಕಲೆ ಕಪ್ಪಾಗುತ್ತವೆ. ನಮ್ಮ ಮೈಬಣ್ಣದಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಅಣ್ಣನದೋ ತಂಗಿಯದೋ ಅಂಗೈ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ರಕ್ತ ಪರೀಕ್ಷೆ: ಟಿಎಸ್‌ಎಚ್‌ನಿಂದ ಶುರು, ಅಲ್ಲಿಗೇ ಮುಗಿಸಬೇಡಿ

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಹಾಗಿರುವ ಥೈರಾಯ್ಡ್ ಗ್ರಂಥಿ ಟಿ4, ಟಿ3 ಎಂಬ ಹಾರ್ಮೋನು ಮಾಡುತ್ತದೆ. ಮಾಡು ಎಂದು ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಥೈರಾಯ್ಡ್ ಸೋಮಾರಿಯಾದಷ್ಟೂ ಪಿಟ್ಯುಟರಿಯ ಕೂಗು ಜೋರಾಗುತ್ತದೆ. ಆ ಕೂಗಿನ ಅಳತೆಯೇ ಟಿಎಸ್‌ಎಚ್. ಅದಕ್ಕೇ ಥೈರಾಯ್ಡ್ ಕಡಿಮೆಯಾದರೆ ಟಿಎಸ್‌ಎಚ್ ಜಾಸ್ತಿ ಬರುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ ಸುಮಾರು 0.4ರಿಂದ 4 ಅಥವಾ 4.5ರವರೆಗೆ ಸರಿ ಎಂದು ಲೆಕ್ಕ.

ಟಿಎಸ್‌ಎಚ್ 5ರಿಂದ 10ರ ನಡುವೆ ಬಂದು ಟಿ4 ಸರಿಯಿದ್ದರೆ ಗಾಬರಿ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ ಎಷ್ಟೋ ಜನರಿಗೆ ತಾನಾಗಿಯೇ ಸರಿಹೋಗಿರುತ್ತದೆ. ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ ಇರುವುದು ಸಹಜ. ಆದರೆ ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಹೀಗೆ ಕಾಯಬಾರದು. ಅವರ ಲೆಕ್ಕವೇ ಬೇರೆ.

ಲ್ಯಾಬಿಗೆ ಹೋಗುವ ಮುಂಚೆ ಮೂರು ವಿಷಯ ನೆನಪಿರಲಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು. ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ ರಕ್ತ ಕೊಡಿ. ಥೈರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಅವತ್ತಿನದನ್ನು ರಕ್ತ ಕೊಟ್ಟ ಮೇಲೆ ನುಂಗಿ.

ಅದೇ ಸೂಜಿಯಲ್ಲಿ ಹಿಮೋಗ್ಲೋಬಿನ್, ಬಿ12, ಶುಗರ್ ಕೂಡ ಮಾಡಿಸಿಬಿಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಇಷ್ಟೊಂದು ಸುಸ್ತಿಗೆ ಕಬ್ಬಿಣದ ಕೊರತೆಯೇ ಕಾರಣ ಇರಬಹುದಾದಾಗ ಥೈರಾಯ್ಡ್ ಒಂದನ್ನೇ ಹಿಡಿದುಕೊಂಡು ಕೂರುವುದು ಸರಿಯಲ್ಲ, ಅಲ್ವಾ? ಗೊರಕೆ, ಅರೆಬರೆ ನಿದ್ದೆ, ಮನಸ್ಸಿನ ಖಿನ್ನತೆಯನ್ನೂ ಡಾಕ್ಟರ ಮುಂದೆ ಹೇಳಿ.

ಇಲ್ಲೊಂದು ಗುಂಡಿ ಇದೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಆಮೇಲೆ ಎದೆಹಾಲೂ ಬರದೆ, ಮುಟ್ಟೂ ವಾಪಸ್ ಬರದೆ, ವರ್ಷಗಟ್ಟಲೆ ಸುಸ್ತಿನಲ್ಲೇ ಇರುವ ಹೆಂಗಸರಿದ್ದಾರೆ. ‘ಬಾಣಂತನ ಸರಿಯಾಗಲಿಲ್ಲ’ ಎಂದು ಮನೆಯವರು ಸುಮ್ಮನಾಗಿರುತ್ತಾರೆ. ರಕ್ತ ಸಾಲದೆ ಪಿಟ್ಯುಟರಿಯೇ ಕೆಟ್ಟಿರುವ ಈ ಸ್ಥಿತಿಗೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಕೂಗುವವನೇ ಬಿದ್ದುಹೋದ ಮೇಲೆ ಕೂಗು ಜೋರಾಗುವುದೆಲ್ಲಿಂದ? ಹಾಗಾಗಿ ಇವರಲ್ಲಿ ಟಿಎಸ್‌ಎಚ್ ನಾರ್ಮಲ್ ಎಂದೇ ಬರಬಹುದು, ಟಿ4 ಮಾತ್ರ ಪಾತಾಳದಲ್ಲಿರುತ್ತದೆ. ಅಡ್ರಿನಲ್‌ಗೆ ಅಪ್ಪಣೆ ಕೊಡುವುದೂ ಇದೇ ಪಿಟ್ಯುಟರಿ, ಆದ್ದರಿಂದ ಅದೂ ಮಲಗಿರುತ್ತದೆ. ಮನೆಯಲ್ಲಿ ಇಂಥ ಕತೆ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಎಷ್ಟೇ ವರ್ಷ ಹಿಂದಿನದಾದರೂ ಸರಿ.

ಮಾತ್ರೆ ನುಂಗುವುದಕ್ಕೂ ಒಂದು ಕ್ರಮ

ಥೈರಾಯ್ಡ್ ಕಡಿಮೆಯಾದವರಿಗೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆಯನ್ನು ಎದ್ದ ಕೂಡಲೇ ಬರೀ ನೀರಿನಲ್ಲಿ. ಕಾಫಿ, ತಿಂಡಿ ಎಲ್ಲ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಳೆಯದೆ ಮತ್ತೆ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ. ಸುಸ್ತು ಹೋಯಿತೆಂದು ಮಾತ್ರೆ ಬಿಡುವುದೂ, ಸುಸ್ತು ಹೋಗಲಿಲ್ಲವೆಂದು ಎರಡೆರಡು ನುಂಗುವುದೂ ಬೇಡ.

ಅಡ್ರಿನಲ್: ‘ದಣಿವು’ ಬೇರೆ, ಸೋಲು ಬೇರೆ

ಕಿಡ್ನಿಯ ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿಗಳಿವು. ಇವು ಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ಹೊತ್ತು ಗರಿಷ್ಠ, ನಡುರಾತ್ರಿ ಕನಿಷ್ಠ. ಒತ್ತಡ ಜಾಸ್ತಿಯಾಗಿ ಇವು ದಣಿಯುತ್ತವೆ, ಅದೇ ‘ಅಡ್ರಿನಲ್ ಫಟೀಗ್’ ಎನ್ನುವ ಮಾತನ್ನು 1998ರಲ್ಲಿ ಹುಟ್ಟುಹಾಕಿದ್ದು ಅಮೆರಿಕದ ಜೇಮ್ಸ್ ವಿಲ್ಸನ್. ಹಾರ್ಮೋನು ತಜ್ಞರ ಸಂಘಟನೆಗಳು ಇದನ್ನು ಕಾಯಿಲೆ ಎಂದು ಒಪ್ಪಿಲ್ಲ. ಹಾಗೆಂದು ನಿಮ್ಮ ಸುಸ್ತು ಸುಳ್ಳಲ್ಲ, ಆ ಹೆಸರಷ್ಟೇ ಸುಳ್ಳು. ‘ಅಡ್ರಿನಲ್ ಸಪೋರ್ಟ್’ ಎಂದು ಮಾರುವ ಕೆಲವು ಕ್ಯಾಪ್ಸೂಲುಗಳಲ್ಲಿ ಚೀಟಿಯಲ್ಲಿ ಹೇಳದ ಥೈರಾಯ್ಡ್ ಹಾರ್ಮೋನು, ಸ್ಟೀರಾಯ್ಡ್ ಸಿಕ್ಕಿದ್ದೂ ಉಂಟು. ಅದಕ್ಕೇ ನನಗೆ ಅವುಗಳ ಮೇಲೆ ಸಿಟ್ಟು.

ನಿಜವಾಗಿ ಅಡ್ರಿನಲ್ ಸೋಲುವ ಕಾಯಿಲೆಯನ್ನು 1855ರಲ್ಲಿ ಲಂಡನ್ನಿನ ಡಾಕ್ಟರ್ ಥಾಮಸ್ ಅಡಿಸನ್ ವಿವರಿಸಿದರು. ಇದು ಅಪರೂಪ, ಆದರೆ ಜೀವ ತೆಗೆಯುವಂಥದ್ದು. ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಒಂದು ಕಾರಣ. ನಮ್ಮ ಕಡೆ ಕ್ಷಯ ಇನ್ನೊಂದು. ಇದಕ್ಕಿಂತ ಹೆಚ್ಚಾಗಿ ಕಾಣುವುದು ಸ್ಟೀರಾಯ್ಡ್ ಮಾತ್ರೆಯಿಂದ ಆಗುವ ತೊಂದರೆ. ಉಬ್ಬಸಕ್ಕೋ ಕೀಲುನೋವಿಗೋ ಕಾರ್ಟಿಸಾಲ್ ಕೆಲಸವನ್ನೇ ಮಾಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ತಗೊಂಡರೆ ಗ್ರಂಥಿ ‘ಹೊರಗಿಂದ ಬರುತ್ತಿದೆಯಲ್ಲ’ ಎಂದು ಕೆಲಸ ನಿಲ್ಲಿಸಬಹುದು. ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಆಗ ಒಳಗೂ ಇಲ್ಲ, ಹೊರಗೂ ಇಲ್ಲ. ಅದಕ್ಕೇ ಡೋಸನ್ನು ನಿಧಾನವಾಗಿ ಇಳಿಸುತ್ತಾರೆ. ಮಂಡಿನೋವಿಗೆ ಎರಡೇ ದಿನದಲ್ಲಿ ಮ್ಯಾಜಿಕ್ ಮಾಡುವ, ಹೆಸರಿಲ್ಲದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆತಿರಬಹುದು.

ಅನುಮಾನ ಬಂದರೆ ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ಪರೀಕ್ಷೆ. ಡೆಸಿಲೀಟರಿಗೆ 3 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ಬಹುತೇಕ ಖಚಿತ. ನಡುವೆ ಎಲ್ಲೋ ನಿಂತರೆ ಇಂಜೆಕ್ಷನ್ ಕೊಟ್ಟು ಗ್ರಂಥಿ ಏಳುತ್ತದೆಯೇ ಎಂದು ನೋಡುತ್ತಾರೆ. ಸಂಜೆ ನಾಲ್ಕಕ್ಕೆ ರಕ್ತ ಕೊಟ್ಟು ‘ಕಾರ್ಟಿಸಾಲ್ ಕಡಿಮೆ’ ಎಂದು ಕಂಗಾಲಾಗಬೇಡಿ, ಆ ಹೊತ್ತಿಗೆ ಅದು ಇಳಿದೇ ಇರುತ್ತದೆ.

ಎರಡೂ ಕೆಟ್ಟಿದ್ದರೆ ಯಾವುದು ಮೊದಲು?

ಅಡ್ರಿನಲ್ ಮೊದಲು, ಥೈರಾಯ್ಡ್ ಆಮೇಲೆ. ಇದನ್ನು ಮಾತ್ರ ಮರೆಯಬೇಡಿ. ಥೈರಾಯ್ಡ್ ಮಾತ್ರೆ ದೇಹದ ವೇಗ ಹೆಚ್ಚಿಸಿ ಇರುವ ಅಷ್ಟಿಷ್ಟು ಕಾರ್ಟಿಸಾಲನ್ನೂ ಬೇಗ ಖಾಲಿ ಮಾಡಿಸುತ್ತದೆ, ರೋಗಿ ಕುಸಿದುಬೀಳಬಹುದು. ಇನ್ನೂ ಒಂದು ಮೋಸ ಇದೆ: ಕಾರ್ಟಿಸಾಲ್ ಕಡಿಮೆಯಿದ್ದಾಗ ಟಿಎಸ್‌ಎಚ್ ಸ್ವಲ್ಪ ಜಾಸ್ತಿ ತೋರಿಸಿ, ಕಾರ್ಟಿಸಾಲ್ ಸರಿಮಾಡಿದ ಮೇಲೆ ತಾನೇ ಇಳಿಯುವುದುಂಟು. (ಸೋಜಿಗ ನೋಡಿ, 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನ್ (ಅದೇ ಟಿ4) ಹರಳನ್ನು ಬೇರ್ಪಡಿಸಿದ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಕೆಂಡಲ್ ಅವರೇ ಮುಂದೆ ಅಡ್ರಿನಲ್ ಹಾರ್ಮೋನುಗಳ ಕೆಲಸಕ್ಕೆ 1950ರಲ್ಲಿ ನೊಬೆಲ್ ಹಂಚಿಕೊಂಡರು.)

ಥೈರಾಯ್ಡ್ ಮಾತ್ರೆ ಶುರುಮಾಡಿದ ಮೇಲೆ ಸುಸ್ತು ಕಡಿಮೆಯಾಗುವ ಬದಲು ಜಾಸ್ತಿಯಾದರೆ, ವಾಂತಿ, ತಲೆಸುತ್ತು, ಬಿಪಿ ಇಳಿತ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಕೈಚೀಲಕ್ಕೆ ಹಳೇ ರಿಪೋರ್ಟುಗಳ ಜತೆ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಹಾಕಿಕೊಳ್ಳಿ, ಇನ್‌ಹೇಲರ್, ಚರ್ಮಕ್ಕೆ ಹಚ್ಚುವ ಮುಲಾಮು, ಯಾರೋ ಕೊಟ್ಟ ಆ ಮಂಡಿನೋವಿನ ಪುಡಿಯ ಪೊಟ್ಟಣವನ್ನೂ ಬಿಡದೆ.