ಪಿಸ್ತೂಲು ನಡುವೆ ನಿಂತಾಗ: ಮೊದಲು ನೋಡಿ, ಆಮೇಲೆ ಮುಟ್ಟಿ

25 ಮೀಟರ್ ರೇಂಜಿನಲ್ಲಿ ಪಾಯಿಂಟ್ 22 ಸೆಮಿ ಆಟೊಮ್ಯಾಟಿಕ್ ಪಿಸ್ತೂಲು (ಪ್ರತಿ ಹೊಡೆತದ ನಂತರ ಮುಂದಿನ ಕಾಡತೂಸನ್ನು ತಾನೇ ಒಳಗೆ ತುಂಬಿಕೊಳ್ಳುವಂಥದ್ದು) ಹೊಡೆತಗಳ ಸರಣಿಯ ನಡುವೆ ನಿಂತುಹೋದರೆ ಹೆಚ್ಚಿನ ಹೊಸ ಶೂಟರ್‌ಗಳು ಮಾಡುವುದು ಒಂದೇ ಕೆಲಸ. ಪಿಸ್ತೂಲನ್ನು ಪಕ್ಕಕ್ಕೆ ಹೊರಳಿಸಿ, ಖಾಲಿ ಕೇಸು ಹೊರಬೀಳುವ ಕಿಂಡಿಯೊಳಗೆ ಇಣುಕಿ, ಸ್ಲೈಡನ್ನು (ಪಿಸ್ತೂಲಿನ ಹಿಂದೆ ಮುಂದೆ ಓಡುವ ಭಾಗವನ್ನು) ಬಲವಾಗಿ ಹಿಂದಕ್ಕೆ ಎಳೆದುಬಿಡುತ್ತಾರೆ. ಈ ಒಂದು ಚಲನೆಯಲ್ಲಿ ನಳಿಗೆಯ ಬಾಯಿ ಪಕ್ಕದವರ ಕಡೆಗೆ ತಿರುಗುತ್ತದೆ, ದೋಷ ಏನೆಂದು ಹೇಳಬಲ್ಲ ಕಾಡತೂಸು ನೆಲದ ಮೇಲಿನ ನೂರಾರು ಖಾಲಿ ಕೇಸುಗಳ ನಡುವೆ ಬಿದ್ದು ಮಾಯವಾಗುತ್ತದೆ, ಸ್ಪರ್ಧೆಯಾಗಿದ್ದರೆ ಆ ಸರಣಿಯನ್ನು ಮತ್ತೆ ಹೊಡೆಯುವ ಹಕ್ಕೂ ಕೈತಪ್ಪಬಹುದು. ದುರಸ್ತಿಯ ವಿದ್ಯೆಗಿಂತ ಮೊದಲು ಕಲಿಯಬೇಕಾದದ್ದು ಈ ಕೈಯನ್ನು ತಡೆಯುವುದನ್ನು.

ಮೊದಲ ಹಂತ: ಹಾಗೆಯೇ ನಿಲ್ಲಿ

ಟ್ರಿಗರ್‌ನಿಂದ ಬೆರಳು ತೆಗೆದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು, ಖಾಲಿ ಇರುವ ಕೈಯನ್ನು ಎತ್ತಿ ರೇಂಜ್ ಆಫೀಸರ್ ಅವರನ್ನು ಕರೆಯಿರಿ. ಟ್ರಿಗರ್ ಎಳೆದರೂ ಗುಂಡು ಹಾರದೇ ಇದ್ದರೆ ಕನಿಷ್ಠ 30 ಸೆಕೆಂಡ್ ಕಾಯಿರಿ. ಅಪರೂಪವಾಗಿಯಾದರೂ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು, ಆಗ ಸ್ಲೈಡ್ ತೆರೆದಿದ್ದರೆ ಕೇಸು ಒಡೆದು ಮುಖಕ್ಕೆ ಸಿಡಿಯುತ್ತದೆ. ಸ್ಪರ್ಧೆಯಲ್ಲಿ ಅಂತರರಾಷ್ಟ್ರೀಯ ಶೂಟಿಂಗ್ ಸ್ಪೋರ್ಟ್ ಫೆಡರೇಷನ್ನಿನ ನಿಯಮವೂ ಹೀಗೆಯೇ ನಳಿಗೆಯನ್ನು ಗುರಿಯ ಕಡೆಗೆ ಹಿಡಿದು, ಕೈ ಎತ್ತಿ ಅಧಿಕಾರಿಯನ್ನು ಕರೆಯಲು ಹೇಳುತ್ತದೆ. ಅಧಿಕಾರಿ ಪರೀಕ್ಷಿಸುವ ಮೊದಲೇ ಶೂಟರ್ ಸ್ಲೈಡನ್ನಾಗಲಿ ಸೇಫ್ಟಿಯನ್ನಾಗಲಿ ಮುಟ್ಟಿದರೆ ಆ ದೋಷವನ್ನು ಮಾನ್ಯ ಮಾಡುವುದಿಲ್ಲ. ಮ್ಯಾಗಜಿನ್ (ಕಾಡತೂಸು ತುಂಬುವ ಡಬ್ಬಿ) ಸರಿಯಾಗಿ ಕೂರಿಸದೇ ಇದ್ದದ್ದು, ಸೇಫ್ಟಿ ತೆಗೆಯಲು ಮರೆತದ್ದು, ಹಿಂದಿನ ಹೊಡೆತದ ನಂತರ ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡದೇ ಇದ್ದದ್ದು ಶೂಟರ್‌ನ ತಪ್ಪು ಎಂದೇ ಲೆಕ್ಕ.

ನಿಂತಲ್ಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಕೊನೆಯ ಹೊಡೆತದ ಸದ್ದು ಮಂಕಾಗಿತ್ತೇ, ಕೈಗೆ ಬರುವ ಹಿಂದೊದೆತ ಕಡಿಮೆಯಿತ್ತೇ? ಇದ್ದರೆ ಸೀಸದ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮತ್ತೊಂದು ಗುಂಡು ಹೋದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ಪಿಸ್ತೂಲನ್ನು ಖಾಲಿ ಮಾಡಿಸಿ, ಪರಿಣತರಿಂದ ನಳಿಗೆ ನೋಡಿಸಿ. ‘ಇನ್ನೊಂದು ಹೊಡೆದರೆ ಅದೂ ಹೊರಗೆ ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಅವರ ಮಾತಿಗೆ ಕಿವಿಗೊಡಬೇಡಿ.

ಎರಡನೆಯ ಹಂತ: ಓದಿ, ಆಮೇಲೆ ಬಿಡಿಸಿ

ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನ ಬೇಕು. ಕೈ ಹಾಕುವ ಮುನ್ನ ಸ್ಲೈಡ್ ಎಲ್ಲಿ ನಿಂತಿದೆ, ಕಿಂಡಿಯಲ್ಲಿ ಏನು ಕಾಣುತ್ತಿದೆ ಎಂದು ಗಮನಿಸಿ. ಸಾಮಾನ್ಯವಾಗಿ ಕಾಣುವುದು ನಾಲ್ಕು ಸ್ಥಿತಿಗಳು: ಒಂದು, ಸ್ಲೈಡ್ ಪೂರ್ತಿ ಮುಚ್ಚಿದೆ, ಆದರೆ ಗುಂಡು ಹಾರಿಲ್ಲ; ಎರಡು, ಸ್ಲೈಡ್ ಅರ್ಧಕ್ಕೆ ನಿಂತಿದೆ, ಹೊಸ ಕಾಡತೂಸಿನ ಮೂತಿ ಚೇಂಬರಿನ (ಸಿಡಿಯುವ ಮುನ್ನ ಕಾಡತೂಸು ಕೂರುವ ಗೂಡಿನ) ಅಂಚಿಗೆ ಒತ್ತಿಕೊಂಡಿದೆ; ಮೂರು, ಖಾಲಿ ಕೇಸು ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿದೆ; ನಾಲ್ಕು, ಖಾಲಿ ಕೇಸು ಚೇಂಬರಿನಲ್ಲೇ ಉಳಿದಿದ್ದು, ಅದರ ಬೆನ್ನಿಗೆ ಇನ್ನೊಂದು ಕಾಡತೂಸು ಬಂದು ಗುದ್ದಿದೆ.

ಮೊದಲ ಮೂರರಲ್ಲಿ ಕ್ರಮ ಒಂದೇ. ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಆಮೇಲೆ ಚೇಂಬರಿನ ಪರೀಕ್ಷೆ. ಮ್ಯಾಗಜಿನ್ ಇಟ್ಟುಕೊಂಡೇ ಸ್ಲೈಡ್ ಎಳೆದರೆ ಅದು ಮುಂದಕ್ಕೆ ಬರುವಾಗ ಮತ್ತೊಂದು ಜೀವಂತ ಕಾಡತೂಸನ್ನು ಒಳಗೆ ತಳ್ಳಿ, ಇರುವ ತೊಡಕನ್ನು ಎರಡು ಪಟ್ಟು ಮಾಡುತ್ತದೆ. ನಾಲ್ಕನೆಯ ಸ್ಥಿತಿಯಲ್ಲಿ ಮ್ಯಾಗಜಿನ್ ಒತ್ತಡದಿಂದ ಬಿಗಿದುಕೊಂಡಿರುವುದರಿಂದ ಸ್ಲೈಡನ್ನು ಹಿಂದೆಳೆದು ಅಲ್ಲೇ ತಡೆದು ನಿಲ್ಲಿಸಿಯೇ ಮ್ಯಾಗಜಿನ್ ಕೀಳಬೇಕಾಗುತ್ತದೆ. ಸಿಕ್ಕಿಕೊಂಡ ಖಾಲಿ ಕೇಸನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿ. ಸ್ಕ್ರೂಡ್ರೈವರ್ ಅಥವಾ ಚಾಕುವಿನ ತುದಿ ಚೇಂಬರಿನ ಅಂಚಿಗೆ ಗೀರು ಮಾಡುತ್ತದೆ, ಆ ಗೀರಿನಲ್ಲೇ ಮುಂದಿನ ಕೇಸುಗಳು ಅಂಟಿಕೊಳ್ಳುತ್ತವೆ. ಚೇಂಬರಿನಲ್ಲಿ ಉಳಿದಿರುವುದು ಜೀವಂತ ಕಾಡತೂಸಾಗಿದ್ದರೆ ಯಾವ ಕಡ್ಡಿಯನ್ನೂ ಹಾಕಬೇಡಿ. ಪಾಯಿಂಟ್ 22 ಕಾಡತೂಸಿನಲ್ಲಿ ಬೆಂಕಿ ಹೊತ್ತಿಸುವ ಮಿಶ್ರಣ ಇರುವುದು ಬುಡದ ಅಂಚಿನ ಸುತ್ತಲೂ. ಆ ಅಂಚಿಗೆ ಬಿದ್ದ ಗಟ್ಟಿ ಪೆಟ್ಟು ಯಾವುದಾದರೂ ಅದನ್ನು ಸಿಡಿಸಬಲ್ಲದು. ರೇಂಜ್ ಆಫೀಸರ್ ಕೈಗೆ ಒಪ್ಪಿಸಿ.

ಹೊರಬಂದ ಕಾಡತೂಸನ್ನು ಎಸೆಯಬೇಡಿ. ಬೆಳಕಿಗೆ ಹಿಡಿದು ಅದರ ಅಂಚಿನ ಮೇಲೆ ಫೈರಿಂಗ್ ಪಿನ್ (ಕಾಡತೂಸಿಗೆ ಬಡಿದು ಸಿಡಿಸುವ ಮೊಳೆ) ಬಿಟ್ಟ ಗುರುತನ್ನು ನೋಡಿ, ಸರಿಯಾಗಿ ಸಿಡಿದ ಒಂದು ಖಾಲಿ ಕೇಸಿನ ಗುರುತನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ಗುರುತು ಅಷ್ಟೇ ಆಳವಾಗಿದ್ದೂ ಸಿಡಿದಿಲ್ಲವೆಂದರೆ ದೋಷ ಹೆಚ್ಚಾಗಿ ಕಾಡತೂಸಿನದು. ಅಂಚಿನ ಆ ಭಾಗಕ್ಕೆ ಮಿಶ್ರಣ ತಲುಪಿರುವುದಿಲ್ಲ. ಗುರುತು ತೆಳುವಾಗಿದ್ದರೆ ದೋಷ ಪಿಸ್ತೂಲಿನದು. ಆಗಲೂ ಪಿನ್ನಿನ ಪೆಟ್ಟಿಗೆ ಬಲ ಕೊಡುವ ಸ್ಪ್ರಿಂಗನ್ನು ಬೈಯಲು ಅವಸರಪಡಬೇಡಿ. ಚೇಂಬರಿನಲ್ಲಿ ಮೇಣ, ಸೀಸ ಮತ್ತು ಮಸಿಯ ಪದರ ಕಟ್ಟಿದ್ದರೆ ಕಾಡತೂಸು ಪೂರ್ತಿ ಒಳಗೆ ಕೂರುವುದಿಲ್ಲ, ಪಿನ್ನಿನ ಪೆಟ್ಟು ಅದನ್ನು ಒಳಕ್ಕೆ ದಬ್ಬುವುದರಲ್ಲೇ ಮುಗಿದುಹೋಗುತ್ತದೆ. ಈ ಒಂದು ಹೋಲಿಕೆಯನ್ನು ಮಾಡದೆ ಪಿಸ್ತೂಲಿನ ಸ್ಪ್ರಿಂಗ್ ಬದಲಿಸಿ, ಆಮೇಲೂ ಅದೇ ತೊಂದರೆ ಅನುಭವಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯ ಹಂತ: ಮ್ಯಾಗಜಿನ್ ಮೇಲೆ ಸಂಶಯಪಡಿ

ನಿಮ್ಮ ಮ್ಯಾಗಜಿನ್‌ಗಳ ಮೇಲೆ 1, 2, 3 ಎಂದು ಅಳಿಸದ ಶಾಯಿಯಿಂದ ಬರೆಯಿರಿ. ಕಾಡತೂಸು ಒಳಗೆ ಹೋಗದೇ ನಿಲ್ಲುವ ತೊಂದರೆ ಒಂದೇ ಸಂಖ್ಯೆಯ ಮ್ಯಾಗಜಿನ್ನಿನಲ್ಲಿ ಮರುಕಳಿಸಿದರೆ ಪಿಸ್ತೂಲನ್ನು ಬಿಚ್ಚುವ ಅಗತ್ಯವೇ ಇಲ್ಲ. ಕಾಂಕ್ರೀಟ್ ನೆಲಕ್ಕೆ ಬಿದ್ದ ಮ್ಯಾಗಜಿನ್ನಿನ ಮೇಲಂಚು ಕೂದಲೆಳೆಯಷ್ಟು ಬಾಗಿದರೂ ಕಾಡತೂಸಿನ ಮೂತಿ ತಪ್ಪು ಕೋನದಲ್ಲಿ ಏಳುತ್ತದೆ. ಇಕ್ಕಳದಿಂದ ಅದನ್ನು ತಿದ್ದುವವರಿದ್ದಾರೆ. ನನ್ನ ಖಚಿತ ಸಲಹೆ, ಹೊಸದನ್ನು ಕೊಳ್ಳಿ. ತುಂಬುವಾಗ ಪ್ರತಿ ಕಾಡತೂಸಿನ ಬುಡದ ಅಂಚು ಅದರ ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಸಿಕ್ಕಿಕೊಂಡರೆ ಮೇಲಿನದು ಮುಂದೆ ಸರಿಯುವಾಗ ಕೆಳಗಿನದನ್ನೂ ಹಿಡಿದೆಳೆಯುತ್ತದೆ.

ನಾಲ್ಕನೆಯ ಹಂತ: ಶುಚಿ ಮಾಡಿ

ಪಿಸ್ತೂಲು ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಕಾಡತೂಸುಗಳನ್ನು ಬೇರೆ ಮೇಜಿನ ಮೇಲಿಟ್ಟು, ತಯಾರಕರ ಕೈಪಿಡಿ ಹೇಳುವಷ್ಟು ಮಾತ್ರ ಬಿಚ್ಚಿ. ಚೇಂಬರ್, ಸ್ಲೈಡಿನ ಮುಂಭಾಗ ಮತ್ತು ಎಕ್ಸ್‌ಟ್ರಾಕ್ಟರ್ ಕೊಕ್ಕೆಯ (ಖಾಲಿ ಕೇಸನ್ನು ಚೇಂಬರಿನಿಂದ ಎಳೆದು ತೆಗೆಯುವುದು) ಕೆಳಗಿನ ಸಂದು, ಈ ಮೂರನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಕೇಸು ಹೊರಗೆ ಚಿಮ್ಮದೆ ಕಿಂಡಿಯಲ್ಲಿ ಸಿಕ್ಕಿಕೊಳ್ಳುವುದಕ್ಕೆ ಆ ಕೊಕ್ಕೆಯ ಕೆಳಗಿನ ಕೊಳೆಯೇ ಎಷ್ಟೋ ಸಲ ಕಾರಣ. ನಳಿಗೆಯನ್ನು ಹಿಂಬದಿಯಿಂದ ಮುಂದಕ್ಕೆ ಶುಚಿ ಮಾಡಿ, ಉಕ್ಕಿನ ಕಡ್ಡಿಯನ್ನು ಬಾಯಿಯ ಕಡೆಯಿಂದ ತುರುಕಬೇಡಿ.

ಎಣ್ಣೆಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಬಂದೂಕಿಗೆಂದೇ ಮಾಡಿದ ತೆಳು ಎಣ್ಣೆ, ಸ್ಲೈಡ್ ಓಡುವ ಜಾಡಿಗೆ ಒಂದೆರಡು ಹನಿ, ಅಷ್ಟೇ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲಿ ಅಥವಾ ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಿಗ್ಗೆ ಅದನ್ನು ಹಚ್ಚಿಕೊಂಡ ಸ್ಲೈಡ್ ಓಡುವುದಾದರೂ ಹೇಗೆ? ತುಕ್ಕು ಬಿಡಿಸಲು ಬಳಸುವ ಅಗ್ಗದ ಸ್ಪ್ರೇಗಳೂ ಬೇಡ. ಅವು ಒಣಗಿ ಅಂಟಾಗಿ ಫೈರಿಂಗ್ ಪಿನ್ನಿನ ಓಟವನ್ನೇ ನಿಧಾನಗೊಳಿಸುತ್ತವೆ. ಎಮರಿ ಕಾಗದವನ್ನು ಪಿಸ್ತೂಲಿನ ಹತ್ತಿರಕ್ಕೂ ತರಬೇಡಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು, ಕೊಳೆಯಲ್ಲಿರುವುದು ಸೀಸ.

ಐದನೆಯ ಹಂತ: ಇಲ್ಲಿಗೆ ನಿಲ್ಲಿಸಿ

ಒಂದು ಸಲ ಎಳೆದರೆ ಎರಡು ಗುಂಡು ಹಾರುವುದು, ಸ್ಲೈಡ್ ಮುಚ್ಚಿದಾಗ ತಾನಾಗಿಯೇ ಸಿಡಿಯುವುದು, ಕೊಕ್ಕೆ ಮುರಿದಿರುವುದು, ಚೇಂಬರಿನ ಅಂಚಿನಲ್ಲಿ ಪಿನ್ ಬಡಿದ ತಗ್ಗು ಕಾಣುವುದು, ಇವು ನಿಮ್ಮ ಮೇಜಿನ ಮೇಲೆ ತೀರುವ ದೋಷಗಳಲ್ಲ. ಕೊನೆಯದು ಕಾಡತೂಸಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವವರ ಪಿಸ್ತೂಲಿನಲ್ಲಿ ಕಾಣುತ್ತದೆ. ಕೈಪಿಡಿ ಅದನ್ನು ಒಪ್ಪದಿದ್ದರೆ ಡಮ್ಮಿ (ಮದ್ದಿಲ್ಲದ ನಕಲಿ ಕಾಡತೂಸು) ಬಳಸಿ. ಭಾರತದ ಶಸ್ತ್ರಾಸ್ತ್ರ ಕಾಯ್ದೆ, 1959ರ ಪ್ರಕಾರ ಬಂದೂಕು ದುರಸ್ತಿಯನ್ನು ವೃತ್ತಿಯಾಗಿ ಮಾಡುವವರಿಗೂ ಪರವಾನಗಿ ಬೇಕು. ಪರಿಚಯದ ಲೇತ್ ಅಂಗಡಿಗೆ ಬಿಡಿಭಾಗ ಕೊಂಡೊಯ್ದು ಅರದಿಂದ ಉಜ್ಜಿಸುವುದು ಅಪಾಯವೂ ಹೌದು, ಕಾನೂನಿನ ತೊಡಕೂ ಹೌದು. ಸವೆದ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡುವುದು, ಹಗುರವಾಗಲೆಂದು ಟ್ರಿಗರಿನ ಸ್ಕ್ರೂ ತಿರುಗಿಸುತ್ತಾ ಹೋಗುವುದು ಇನ್ನೆರಡು ಕೆಟ್ಟ ಅಭ್ಯಾಸಗಳು. 25 ಮೀಟರ್ ಸ್ಪರ್ಧೆಗಳಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ತೂಕವನ್ನು ತಡೆಯಬೇಕು.

ಕೊನೆಯ ಹಂತ: ಪರೀಕ್ಷೆ

ರೇಂಜಿನಲ್ಲಿ, ಅಧಿಕಾರಿಯ ಅನುಮತಿಯಿಂದ, ಮೊದಲು ಒಂದೇ ಕಾಡತೂಸು ತುಂಬಿ ಹೊಡೆಯಿರಿ. ಖಾಲಿ ಕೇಸು ಹೊರಗೆ ಚಿಮ್ಮಿತೆಂದರೆ ಎರಡು ತುಂಬಿ. ಎರಡನೆಯದು ತಾನಾಗಿ ಒಳಗೆ ಹೋಗಿ ಕೂತರೆ ಆಮೇಲೆ ಐದು. ನಿಮ್ಮ ಪಿಸ್ತೂಲು ಯಾವ ವೇಗದ ಕಾಡತೂಸಿಗೆ ರೂಪಿತವಾಗಿದೆಯೋ ಅದರಿಂದಲೇ ಪರೀಕ್ಷಿಸಿ. ಕ್ರೀಡಾ ಪಿಸ್ತೂಲುಗಳು ಹೆಚ್ಚಾಗಿ ಸಾಧಾರಣ ವೇಗದವಕ್ಕೆ ಹೊಂದಿಸಿದವು, ಸ್ಲೈಡ್ ಚುರುಕಾಗಲೆಂದು ಹೆಚ್ಚು ವೇಗದವನ್ನು ಹಾಕಿದರೆ ಪಿಸ್ತೂಲಿನ ಚೌಕಟ್ಟು ಪೆಟ್ಟು ತಿನ್ನುತ್ತದೆ. ಸಿಡಿಯದೆ ಉಳಿದ ಕಾಡತೂಸುಗಳನ್ನು ಕಸದ ಬುಟ್ಟಿಗೂ ಜೇಬಿಗೂ ಹಾಕದೆ, ರೇಂಜಿನಲ್ಲಿ ಅದಕ್ಕೆಂದು ಇಟ್ಟ ಡಬ್ಬಿಗೆ ಹಾಕಿ. ಚೇಂಬರಿಗೆ ಕಿತ್ತಳೆ ಬಣ್ಣದ ಸುರಕ್ಷಾ ಪಟ್ಟಿ ತೂರಿಸಿದ ಮೇಲೆಯೇ ಪಿಸ್ತೂಲನ್ನು ಮೇಜಿನ ಮೇಲಿಡಿ.