ಕಾಗದದ ಬಿಲ್ಲೆ ಮೇಲೇಳುವ ತನಕ

ಕಿಣ್ವದ, ಅಂದರೆ ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನಿನ, ವೇಗ ಅಳೆಯಲು ಹೊರಟಾಗ ನಾನು ಮೊದಲು ನಂಬಿದ್ದು ನೊರೆಯನ್ನು. ಆಲೂಗಡ್ಡೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಬಹಳ ಹೊತ್ತು ಬಿಟ್ಟು ನೊರೆ ಎಷ್ಟು ಎತ್ತರ ಬಂದಿದೆ ಎಂದು ನೋಡುತ್ತಿದ್ದೆ. ತುರಿದದ್ದಕ್ಕೂ ಇಡೀ ತುಂಡಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಯುತ್ತ ಕೂತದ್ದೇ ತಪ್ಪಾಗಿತ್ತು. ಆಲೂಗಡ್ಡೆಯ ಕಿಣ್ವ ಪೆರಾಕ್ಸೈಡನ್ನು ಒಡೆದಾಗ ಹೊರಬರುವ ಆಮ್ಲಜನಕದಿಂದಲೇ ಆ ನೊರೆ. ಒಟ್ಟು ಎಷ್ಟು ಆಮ್ಲಜನಕ ಬರುತ್ತದೆ ಎಂಬುದು ಪೆರಾಕ್ಸೈಡ್ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಕಿಣ್ವದ ಕೈಯಲ್ಲಿರುವುದು ಅದು ಎಷ್ಟು ಬೇಗ ಬರುತ್ತದೆ ಎಂಬುದು ಮಾತ್ರ. ಅಳೆಯಬೇಕಾದ್ದು ಮೊದಲ ಕೆಲವು ಸೆಕೆಂಡುಗಳನ್ನು.

ಹಾಗಾಗಿ ಬಿಲ್ಲೆಗಳಿಗೆ ಬಂದೆ. ಆಲೂಗಡ್ಡೆಯನ್ನು ತಣ್ಣೀರಿನಲ್ಲಿ ಅರೆದು ಸೋಸಿದರೆ ಕ್ಯಾಟಲೇಸ್ ಎಂಬ ಆ ಕಿಣ್ವ ಇರುವ ರಸ ಸಿಗುತ್ತದೆ. ಫಿಲ್ಟರ್ ಪೇಪರನ್ನು ಪಂಚಿನಿಂದ ಬಿಲ್ಲೆಗಳಾಗಿ ಕತ್ತರಿಸಿ, ರಸದಲ್ಲಿ ಅದ್ದಿ, ಹೆಚ್ಚಿನದನ್ನು ಒರೆಸಿ, ಪೆರಾಕ್ಸೈಡಿನ ತಳಕ್ಕೆ ಬಿಡುತ್ತೇನೆ. ಆಮ್ಲಜನಕದ ಗುಳ್ಳೆಗಳು ಅಂಟಿಕೊಂಡು ಬಿಲ್ಲೆಯನ್ನು ಎತ್ತುತ್ತವೆ. ತಳ ಮುಟ್ಟಿದ್ದರಿಂದ ಮೇಲ್ಮೈಗೆ ಬರುವ ತನಕ ಸ್ಟಾಪ್‌ವಾಚ್. ಎಲ್ಲ ಬೀಕರುಗಳಲ್ಲೂ ಒಂದೇ ಆಳ, ಪ್ರತಿ ಸಲಕ್ಕೂ 5 ಬಿಲ್ಲೆಗಳ ಸರಾಸರಿ. 3% ಪೆರಾಕ್ಸೈಡ್ ಸಾಕು. ಕಣ್ಣಿಗೆ ಕನ್ನಡಕ ಬೇಕು, ಪಾತ್ರೆಗೆ ಬಿರಟೆ ಬೇಡ.

ರಸಕ್ಕೆ ನೀರು ಬೆರೆಸಿದಷ್ಟೂ ಬಿಲ್ಲೆ ತಡವಾಗಿ ಏಳುತ್ತದೆ. ಪೆರಾಕ್ಸೈಡ್ ಹೆಚ್ಚಿಸಿದಾಗ ಮೊದಮೊದಲು ವೇಗ ಚೆನ್ನಾಗಿ ಏರಿತು, ಆಮೇಲೆ ಏರಿಕೆ ಕುಗ್ಗುತ್ತ ಬಂತು. ಇರುವ ಕಿಣ್ವವೆಲ್ಲ ಕೆಲಸದಲ್ಲಿ ತೊಡಗಿದ್ದರೆ ಹೊಸದಾಗಿ ಬಂದ ಅಣುಗಳು ಸರದಿ ಕಾಯಲೇಬೇಕು. ವಿಜ್ಞಾನಿಗಳಾದ ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಸಮೀಕರಣವಾಗಿ ಬರೆದ ಬಾಗು ಇದೇ. ಆಮ್ಲ ಸೇರಿಸಿದರೂ ವೇಗ ಬೀಳುತ್ತದೆ, ಆದರೆ ಆಮ್ಲೀಯತೆಯನ್ನು ಸ್ಥಿರವಾಗಿಡುವ ಬಫರ್ ದ್ರಾವಣ ಇಲ್ಲದೆ ತೆಗೆದ ಆ ಅಂಕಿಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಉಷ್ಣತೆ. ರಸ, ಪೆರಾಕ್ಸೈಡ್ ಎರಡನ್ನೂ ಮಂಜುಗಡ್ಡೆಯಲ್ಲಿಟ್ಟಾಗ ಬಿಲ್ಲೆ ಬಹಳ ತಡ ಮಾಡಿ ಎದ್ದಿತು. ಅದೇ ರಸವನ್ನು ಕೋಣೆಯ ಬಿಸಿಗೆ ತಂದರೆ ಹಳೆಯ ವೇಗ ಮರಳಿತು. ಕುದಿಸಿ ತಣಿಸಿದ ರಸದ ಬಿಲ್ಲೆ ಮಾತ್ರ ತಳ ಬಿಟ್ಟು ಏಳಲೇ ಇಲ್ಲ. ಚಳಿಗೆ ಅಣುಗಳ ಓಟ ನಿಧಾನವಾಗುತ್ತದೆ, ಅಷ್ಟೇ. ಕುದಿತಕ್ಕೆ ಪ್ರೋಟೀನಿನ ಮಡಿಕೆಯೇ ಬಿಚ್ಚಿಹೋಗುತ್ತದೆ.

ಇದು ನಿಜವಾಗಿ ಮನಸ್ಸಿಗೆ ಇಳಿದದ್ದು ಮ್ಯಾಂಗನೀಸ್ ಡಯಾಕ್ಸೈಡ್ ತಂದ ದಿನ. ಅದೂ ಪೆರಾಕ್ಸೈಡನ್ನು ಒಡೆಯುತ್ತದೆ, ಆದರೆ ಅದು ಪ್ರೋಟೀನಲ್ಲ. ಒಂದು ಚಿಟಿಕೆಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ತಣಿಸಿ, ಪೆರಾಕ್ಸೈಡಿಗೆ ಹಾಕಿದೆ. ಏನೂ ಆಗದಿದ್ದಂತೆ ಕಪ್ಪು ಪುಡಿ ಭೋರೆಂದು ನೊರೆಯೆಬ್ಬಿಸಿತು. ಪಕ್ಕದ ಬೀಕರಿನಲ್ಲಿ ಕುದಿಸಿದ ರಸದ ಬಿಲ್ಲೆ ಇನ್ನೂ ತಳದಲ್ಲೇ ಇತ್ತು.