ಆರ್ಥರ್ ಸ್ಮಿತ್ ಅವರ ಗಿಟಾರ್ ಬೂಗಿ: ನಾನು ಕಲಿತ ಬಗೆ

ಅಮೆರಿಕದ ಕಂಟ್ರಿ ಸಂಗೀತ ಅಂದ ಕೂಡಲೇ ಎಲ್ಲರ ಬಾಯಲ್ಲೂ ನ್ಯಾಶ್‌ವಿಲ್ ಹೆಸರು ಬರುತ್ತದೆ. ನನಗೆ ಈ ಸಂಗೀತ ಸಿಕ್ಕಿದ್ದು ಉತ್ತರ ಕೆರೊಲಿನಾದ ಶಾರ್ಲೆಟ್ ಊರಲ್ಲಿ. ಕೆಲಸದ ಮೇಲೆ ಇಲ್ಲಿಗೆ ಬಂದೆ. ಚಿಕ್ಕಂದಿನಲ್ಲಿ ವೀಣೆ ಪಾಠ ಆಗಿತ್ತು, ಗಿಟಾರ್ ಆಮೇಲೆ ಹಿಡಿದದ್ದು. ಇಲ್ಲಿನ ಹಿರಿಯ ವಾದಕರ ಜೊತೆ ಕೂತಾಗ ಆರ್ಥರ್ ಸ್ಮಿತ್ ಅನ್ನುವ ಕಂಟ್ರಿ ಗಿಟಾರ್ ವಾದಕರ ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಅವರ ‘ಗಿಟಾರ್ ಬೂಗಿ’ ಎಂಬ ಗಿಟಾರ್ ಗತ್ತು ಕೇಳಿದ ಮೇಲೆ ಅದನ್ನು ನುಡಿಸದೆ ಇರಲು ಆಗಲಿಲ್ಲ. ನನ್ನ ಹಾಗೆ ಕರ್ನಾಟಕ ಸಂಗೀತದ ಸರಳೆ, ಜಂಟಿ ವರಸೆ ಮಾಡಿ ಬಂದು ಗಿಟಾರ್ ಹಿಡಿದವರಿಗೆ ಈ ಬರಹ ಉಪಯೋಗವಾದೀತು.

ಮೊದಲು ಮನುಷ್ಯನ ಬಗ್ಗೆ. ಸ್ಮಿತ್ ಹುಟ್ಟಿದ್ದು 1921ರಲ್ಲಿ, ದಕ್ಷಿಣ ಕೆರೊಲಿನಾದ ಕ್ಲಿಂಟನ್‌ನಲ್ಲಿ. ಬೆಳೆದದ್ದು ಕರ್ಶಾ ಎಂಬ ಹತ್ತಿ ಗಿರಣಿ ಊರಲ್ಲಿ. ಅಪ್ಪ ಗಿರಣಿ ಕೆಲಸಗಾರರು, ಊರಿನ ಬ್ಯಾಂಡ್ ನಡೆಸುತ್ತಿದ್ದರು. ಹಾಗಾಗಿ ಹುಡುಗನ ಕೈಗೆ ಮೊದಲು ಬಂದದ್ದು ಊದುವ ವಾದ್ಯ. ಅಣ್ಣತಮ್ಮಂದಿರು ಸೇರಿ ಮೊದಮೊದಲು ಜಾಝ್ ನುಡಿಸಿದರು, ಕಂಟ್ರಿಗೆ ತಿರುಗಿದ್ದು ಆಮೇಲೆ. ಈ ಜಾಝ್ ಕಿವಿ ಅವರ ಗಿಟಾರ್‌ನಲ್ಲಿ ಕೊನೆವರೆಗೂ ಇತ್ತು ಅನ್ನೋದು ನನ್ನ ಅಭಿಪ್ರಾಯ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗೆ ಸೇರಿದರು. ಗಿಟಾರ್ ಬೂಗಿ ಮೊದಲು ಧ್ವನಿಮುದ್ರಣ ಆದದ್ದು ಆ ಹೊತ್ತಿನಲ್ಲಿ. 1948ರಲ್ಲಿ ಎಂಜಿಎಂ ರೆಕಾರ್ಡ್ ಕಂಪನಿ ಅದನ್ನು ಮತ್ತೆ ಹೊರತಂದಾಗ ದೇಶವೆಲ್ಲಾ ಕೇಳಿತು. ಅದೇ ಕಾಲದಲ್ಲಿ ಪಿಟೀಲು ನುಡಿಸುವ ಇನ್ನೊಬ್ಬ ಆರ್ಥರ್ ಸ್ಮಿತ್ ಇದ್ದರು. ಇವರಿಗೆ ‘ಗಿಟಾರ್ ಬೂಗಿ’ ಸ್ಮಿತ್ ಅಂತಲೇ ಹೆಸರು ಉಳಿಯಿತು.

ಈಗ ನುಡಿಸಾಣಿಕೆಗೆ ಬರೋಣ. ಬೂಗಿ ಮೂಲದಲ್ಲಿ ಪಿಯಾನೊದ್ದು. ಎಡಗೈ ಮಂದ್ರದಲ್ಲಿ ಒಂದೇ ಸಾಲನ್ನು ಬಿಡದೆ ಸುತ್ತುತ್ತದೆ. ಸ್ಮಿತ್ ಅದನ್ನು ಗಿಟಾರ್ ತಂತಿಗೆ ತಂದರು. ಆ ಸಾಲನ್ನು ನಮ್ಮ ಸ್ವರದಲ್ಲಿ ಹೇಳಿದರೆ ಸ ಗ ಪ ದ ನಿ ದ ಪ ಗ. ಅಂತರ ಗಾಂಧಾರ, ಚತುಶ್ರುತಿ ದೈವತ, ಕೈಶಿಕಿ ನಿಷಾದ. ಹರಿಕಾಂಬೋಜಿಯಿಂದ ರಿ ಮತ್ತು ಮ ತೆಗೆದ ಹಾಗೆ. ಇಷ್ಟು ಒಂದು ಸಂಜೆಯಲ್ಲೇ ಬಾಯಿಗೆ ಬಂತು.

ಕಷ್ಟ ಶುರುವಾದದ್ದು ಅದರ ಮುಂದೆ. ಬೂಗಿ ಹನ್ನೆರಡು ಆವರ್ತದ ಚಕ್ರದಲ್ಲಿ ಓಡುತ್ತದೆ. ಒಂದೊಂದು ಆವರ್ತಕ್ಕೆ ನಾಲ್ಕು ಪೆಟ್ಟು. ಮೊದಲ ನಾಲ್ಕು ಆವರ್ತ ಇ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು; ಇ, ಎ, ಬಿ ಪಾಶ್ಚಾತ್ಯ ಸ್ವರಗಳ ಹೆಸರು), ಎರಡು ಎ, ಮತ್ತೆ ಎರಡು ಇ. ಆಮೇಲೆ ಬಿಗೆ ಹೋಗಿ ಇಗೆ ವಾಪಸ್. ಅಂದರೆ ಇದೇ ಸಾಲು ಒಮ್ಮೆ ಷಡ್ಜದಿಂದ, ಒಮ್ಮೆ ಮಧ್ಯಮದಿಂದ, ಒಮ್ಮೆ ಪಂಚಮದಿಂದ ಹುಟ್ಟುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ತುಂಬಾ ಗಲಿಬಿಲಿ. ನಮ್ಮಲ್ಲಿ ಷಡ್ಜ ಅಲುಗಾಡೋದಿಲ್ಲ, ಅಲ್ವಾ? ಇಲ್ಲಿ ಮಧ್ಯಮದಿಂದ ಸಾಲು ಎತ್ತಿದಾಗ ಅದರ ನಿಷಾದ ಮೂಲ ಶ್ರುತಿಗೆ ಸಾಧಾರಣ ಗಾಂಧಾರ ಆಗುತ್ತದೆ. ಪಂಚಮದಿಂದ ಎತ್ತಿದರೆ ಕಾಕಲಿ ನಿಷಾದ ಬಂದುಬಿಡುತ್ತದೆ. ಎರಡು ಗಾಂಧಾರ, ಎರಡು ನಿಷಾದ, ಒಂದೇ ಗತ್ತಿನಲ್ಲಿ!

ನನಗೆ ದಾರಿ ಮಾಡಿಕೊಟ್ಟದ್ದು ಇಷ್ಟೇ: ಅಭ್ಯಾಸದಲ್ಲಿ ಶ್ರುತಿ ಪೆಟ್ಟಿಗೆ ಆಫ್ ಮಾಡಿದೆ. ಬರೀ ಕಾರ್ಡ್‌ಗಳನ್ನು ನಿಧಾನವಾಗಿ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದರ ಮೇಲೆ ಗಿಟಾರ್ ಮುಟ್ಟದೆ ಹಾಡಿದೆ. ಎ ಬಂದಾಗ ಎಯನ್ನೇ ಸ ಅಂತ, ಬಿ ಬಂದಾಗ ಬಿಯನ್ನೇ ಸ ಅಂತ. ಗಂಟಲು ಒಪ್ಪಿದ ಮೇಲೆ ಬೆರಳಿಗೆ ಜಾಸ್ತಿ ಕೆಲಸ ಉಳಿಯಲಿಲ್ಲ.

ಬೆರಳಿನ ವಿಷಯದಲ್ಲಿ ಇ ಶ್ರುತಿ ಗಿಟಾರ್‌ಗೆ ಹೇಳಿ ಮಾಡಿಸಿದ್ದು. ಆರನೇ ತಂತಿ ಖಾಲಿ ಬಿಟ್ಟರೆ ಇ. ಅದೇ ತಂತಿಯ ನಾಲ್ಕನೇ ಫ್ರೆಟ್ (ವೀಣೆಯ ಮೆಟ್ಟಿಲಿನ ಹಾಗೆ) ಗಾಂಧಾರ. ಐದನೇ ತಂತಿಯ ಎರಡು ಮತ್ತು ನಾಲ್ಕನೇ ಫ್ರೆಟ್ ಪಂಚಮ, ದೈವತ. ನಿಷಾದಕ್ಕೆ ನಾಲ್ಕನೇ ತಂತಿ ಖಾಲಿ ಇದೆ. ಎಗೆ ಹೋಗುವಾಗ ಇಡೀ ಆಕಾರವನ್ನು ಒಂದು ತಂತಿ ಕೆಳಗೆ ಸರಿಸಿದರೆ ಸಾಕು. ಬಿಯಲ್ಲಿ ಮಾತ್ರ ಷಡ್ಜಕ್ಕೆ ಖಾಲಿ ತಂತಿ ಸಿಗೋದಿಲ್ಲ. ಅಲ್ಲಿ ತೋರುಬೆರಳನ್ನು ಮೊದಲ ಫ್ರೆಟ್ ಹತ್ತಿರವೇ ಇಟ್ಟುಕೊಳ್ಳಿ, ಐದನೇ ತಂತಿಯ ಎರಡನೇ ಫ್ರೆಟ್‌ನಿಂದ ಹೊರಟು ನಾಲ್ಕನೇ ತಂತಿಯ ಮೊದಲ ಫ್ರೆಟ್‌ನಲ್ಲಿ ಗಾಂಧಾರ ಹಿಡಿಯಿರಿ. ಕೈ ಚಾಚುವ ಕೆಲಸವೇ ಇಲ್ಲ.

ಲಯಕ್ಕೆ ನಮ್ಮ ಪಾಠ ನೇರವಾಗಿ ಒದಗುತ್ತದೆ. ಬೂಗಿಯಲ್ಲಿ ಒಂದೊಂದು ಪೆಟ್ಟಿನಲ್ಲಿ ಎರಡು ಸ್ವರ, ಆದರೆ ಸಮ ಭಾಗ ಅಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಬಾಯಲ್ಲಿ ತಕಿಟ ತಕಿಟ ಅಂತ ಹೇಳಿ, ‘ತ’ಗೆ ಪಿಕ್ (ತಂತಿ ಮೀಟುವ ಬಿಲ್ಲೆ) ಕೆಳಗೆ, ‘ಟ’ಗೆ ಮೇಲೆ. ‘ಕಿ’ ಬಾಯಲ್ಲಿ ಮಾತ್ರ ಇರಲಿ. ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ಇಟ್ಟರೆ ಅದು ಎರಡನೇ ಮತ್ತು ನಾಲ್ಕನೇ ಪೆಟ್ಟಿನ ಮೇಲೆ ಬೀಳುವಂತೆ ಎಣಿಸಿ. ವೇಗ ಜಾಸ್ತಿ ಆದಂತೆ ಆ ಉದ್ದ-ಗಿಡ್ಡದ ಅಂತರ ತಾನಾಗಿ ಕಡಿಮೆಯಾಗುತ್ತದೆ, ಅದನ್ನು ತಡೆಯಬೇಡಿ. ಗಮಕದ ಆಸೆಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಚಟಕ್ಕನೆ ಒಂದು ಜಾರು ಚೆನ್ನಾಗಿ ಕೂರುತ್ತದೆ. ಕಂಪಿತ (ಸ್ವರವನ್ನು ನಡುಗಿಸುವ ಗಮಕ) ಹಾಕಿದರೆ ಬೂಗಿ ಅಲ್ಲೇ ನಿಂತುಹೋಗುತ್ತದೆ.

ಸುಲಭದ ಗತ್ತು ಅಂತ ಅಂದುಕೊಳ್ಳಬೇಡಿ. 1957ರಲ್ಲಿ ಲಿವರ್‌ಪೂಲ್‌ನಲ್ಲಿ ಪಾಲ್ ಮೆಕಾರ್ಟ್ನಿ, ಮುಂದೆ ಬೀಟಲ್ಸ್ ಆದ ಕ್ವಾರಿಮೆನ್ ತಂಡದ ಜೊತೆ ಮೊದಲ ಸಲ ವೇದಿಕೆ ಹತ್ತಿದಾಗ ಇದೇ ಗಿಟಾರ್ ಬೂಗಿಯಲ್ಲಿ ಬೆರಳು ತಡವರಿಸಿತ್ತು. ಅದನ್ನು ಅವರೇ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲಾ ಕೈಗೆ ಬಂದರೂ ಸ್ಮಿತ್ ಕೈಯಲ್ಲಿದ್ದ ನಿರಾಳ ನನ್ನಲ್ಲಿ ಇರಲಿಲ್ಲ. ಅದು ಎಲ್ಲಿಂದ ಬಂತು ಅಂತ ತಿಳಿದದ್ದು ಅವರ ಟಿವಿ ಕಾರ್ಯಕ್ರಮದ ಹಳೆಯ ತುಣುಕು ನೋಡಿದಾಗ. ಶಾರ್ಲೆಟ್‌ನ ಡಬ್ಲ್ಯೂಬಿಟಿವಿ 1949ರ ಜುಲೈನಲ್ಲಿ ಶುರುವಾಯಿತು, ಎರಡೂ ಕೆರೊಲಿನಾಗಳಲ್ಲಿ ಮೊದಲ ಟಿವಿ ಕೇಂದ್ರ ಅದು. ಸ್ಮಿತ್ ಮತ್ತು ಅವರ ಕ್ರ್ಯಾಕರ್‌ಜ್ಯಾಕ್ಸ್ ತಂಡ ಅಲ್ಲಿಂದ ಸುಮಾರು ಮೂರು ದಶಕ ಜನರ ಮನೆಗೆ ಬಂದರು. ಆಮೇಲೆ ಇತರ ಊರುಗಳ ಕೇಂದ್ರಗಳೂ ಅದೇ ಕಾರ್ಯಕ್ರಮವನ್ನು ಕೊಂಡು ಹಾಕಿದವು. ನಡೆಸಿಕೊಡುವವರು ಅವರೇ, ನುಡಿಸುವವರೂ ಅವರೇ. ಅತಿಥಿಯನ್ನು ಮಾತಾಡಿಸಬೇಕು, ಜಾಹೀರಾತು ಹೇಳಬೇಕು, ಭಕ್ತಿಗೀತೆಗೆ ತಂಡವನ್ನು ಸೇರಿಸಬೇಕು. ಇದರ ನಡುವೆ ಗಿಟಾರ್ ಎತ್ತಿದರೆ ನಗುಮುಖದಲ್ಲಿ ಶುರು. ಮಾತು ಎರಡೇ ಸಾಲು. ಗತ್ತೂ ಚಿಕ್ಕದು. ಕೇಳುವವರು ಗಿರಣಿ ಪಾಳಿ ಮುಗಿಸಿ ಬಂದ ನೆರೆಹೊರೆಯವರು ಅನ್ನುವ ಸಲಿಗೆ ಅದರಲ್ಲಿ ಕಾಣುತ್ತದೆ.

ಅದನ್ನು ನೋಡಿ ನಾನು ಅಭ್ಯಾಸ ಬದಲಿಸಿದೆ. ಗೋಡೆಗೆ ಮುಖ ಮಾಡಿ ನುಡಿಸೋದು ಬಿಟ್ಟೆ. ಮನೆಗೆ ಯಾರೇ ಬಂದರೂ ಎರಡು ಮಾತು ಹೇಳಿ, ಮಾತು ಮುಗಿದ ತಕ್ಷಣ ಗತ್ತು ಎತ್ತುವುದು. ಕನ್ನಡ ಸಂಘದ ಕಾರ್ಯಕ್ರಮದಲ್ಲೂ ಹಾಗೇ ಮಾಡಿದೆ. ಸ್ಮಿತ್ ಯಾರು ಅಂತ ಕನ್ನಡದಲ್ಲಿ ಚಿಕ್ಕದಾಗಿ ಹೇಳಿ, ಸ ಗ ಪ ದ ನಿ ಹಾಡಿ ತೋರಿಸಿ, ನುಡಿಸಿದೆ. ಚಪ್ಪಾಳೆ ಎರಡನೇ ಚಕ್ರದಲ್ಲೇ ಶುರುವಾಯಿತು. ಬೆರಳು ಆಗ ಸಡಿಲವಾದಷ್ಟು ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ಸ್ಮಿತ್ ಮೇಲೆ ನನಗೆ ಗೌರವ ಹೆಚ್ಚಾಗಲು ಇನ್ನೊಂದು ಕಾರಣ ಇದೆ. ಇಷ್ಟು ಹೆಸರು ಬಂದರೂ ಅವರು ಶಾರ್ಲೆಟ್ ಬಿಡಲಿಲ್ಲ. ಇಲ್ಲೇ ಸ್ಟುಡಿಯೋ ಕಟ್ಟಿದರು. ಕರಿಯ ಗಾಯಕ ಜೇಮ್ಸ್ ಬ್ರೌನ್ 1965ರಲ್ಲಿ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಧ್ವನಿಮುದ್ರಿಸಿದ್ದು ಆ ಸ್ಟುಡಿಯೋದಲ್ಲಿ. ಬಿಳಿಯರ ಕಂಟ್ರಿ ಕಾರ್ಯಕ್ರಮ ನಡೆಸುವವರ ಕಟ್ಟಡದಿಂದ ಫಂಕ್ ಎಂಬ ಹೊಸ ಬಗೆಯ ಸಂಗೀತಕ್ಕೆ ದಾರಿ ತೆರೆದ ಹಾಡು ಹೊರಟಿತು. ಇನ್ನು ‘ಡೆಲಿವರೆನ್ಸ್’ ಸಿನಿಮಾದ ಬ್ಯಾಂಜೊ (ಗಿಟಾರ್‌ನಂಥ, ಚರ್ಮ ಬಿಗಿದ ದುಂಡು ಒಡಲಿನ ತಂತಿವಾದ್ಯ) ಜುಗಲ್‌ಬಂದಿ ಎಲ್ಲರಿಗೂ ಗೊತ್ತು. ಅದರ ಮೂಲ ಸ್ಮಿತ್ ಅವರ ‘ಫ್ಯೂಡಿನ್ ಬ್ಯಾಂಜೋಸ್’. 1955ರ ಹೊತ್ತಿಗೆ ಬ್ಯಾಂಜೊ ವಾದಕ ಡಾನ್ ರೀನೊ ಜೊತೆ ನುಡಿಸಿದ್ದು. 1972ರ ಸಿನಿಮಾದಲ್ಲಿ ಅವರ ಹೆಸರೇ ಇರಲಿಲ್ಲ. ಸ್ಮಿತ್ ಕಾನೂನಿನ ದಾರಿ ಹಿಡಿದು ತಮ್ಮ ಹಕ್ಕು ಪಡೆದರು. 2014ರಲ್ಲಿ ಶಾರ್ಲೆಟ್‌ನಲ್ಲೇ ತೀರಿಕೊಂಡರು.

ಈಗ ಆ ಬ್ಯಾಂಜೊ ಗತ್ತಿನ ಸರದಿ. ಐದು ತಂತಿ ಬ್ಯಾಂಜೊ ನುಡಿಸುವ ಗೆಳೆಯರೊಬ್ಬರು ರೀನೊ ಭಾಗ ಹಿಡಿದಿದ್ದಾರೆ. ನಾಲ್ಕು ತಂತಿಯದ್ದು ನನಗೆ. ಒಬ್ಬರು ಕೇಳಿ ಒಬ್ಬರು ಉತ್ತರ ಕೊಡುವುದು ತನಿ ಆವರ್ತನದಲ್ಲಿ ಮೃದಂಗ, ಘಟದವರು ಮಾಡುವ ಕೆಲಸವೇ. ಹಾಗಾಗಿ ಮೊದಲು ಬ್ಯಾಂಜೊ ಪಕ್ಕಕ್ಕಿಟ್ಟು ಇಬ್ಬರೂ ಸ್ವರದಲ್ಲೇ ಕೇಳಿ-ಹೇಳಿ ಮಾಡುತ್ತಿದ್ದೇವೆ. ಗೆಳೆಯರಿಗೆ ಸರಿಗಮ ಹೊಸದು. ಗಾಂಧಾರದವರೆಗೆ ಬಂದಿದ್ದಾರೆ.